ಒಪ್ಪಿಸಿದವರು, ಕೇಳಿದವರು

ನಮ್ಮೂರಿನ ಗ್ರಂಥಾಲಯದಲ್ಲಿ ಪುಸ್ತಕ ಓದಿ ಮುಗಿಸಿದವರು ಅದನ್ನು ಮೇಜಿನ ಮೇಲಿಟ್ಟು ಸುಮ್ಮನೆ ಎದ್ದು ಹೋಗುವಂತಿಲ್ಲ. ಒಳಕೋಣೆಗೆ ಬಂದು, ನನ್ನೆದುರು ಕೂತು, ಓದಿದ್ದನ್ನು ಒಪ್ಪಿಸಿ ಹೋಗಬೇಕು. ಓದುತ್ತ ಹೋದ ಹಾಗೆ ಪುಟಗಳು ಖಾಲಿಯಾಗಿರುತ್ತವೆ. ಬಾಯಿಬಿಟ್ಟು ಹೇಳಿದಾಗಲೇ ಅಕ್ಷರಗಳು ಮರಳುವುದು. ಹೇಳುವವರಿದ್ದರೆ ಸಾಲದು, ಕೇಳುವವರೂ ಬೇಕು. ಗೋಡೆಗೆ ಹೇಳಿದರೆ ಒಂದು ಅಲ್ಪವಿರಾಮವೂ ಮೂಡುವುದಿಲ್ಲ. ಆ ಕೇಳುವ ಕೆಲಸ ನನ್ನದು. ಇಪ್ಪತ್ತೊಂದು ವರ್ಷದಿಂದ ಮಾಡುತ್ತಿದ್ದೇನೆ.

ನನಗಿಂತ ಮುಂಚೆ ಆ ಕುರ್ಚಿಯಲ್ಲಿದ್ದ ಚೆನ್ನವೀರಪ್ಪನವರಿಗೆ ಮಧ್ಯಾಹ್ನ ಊಟವಾದ ಮೇಲೆ ತೂಕಡಿಕೆ. ಅವರ ಕಾಲದಲ್ಲಿ ಒಪ್ಪಿಸಿದ ಪುಸ್ತಕಗಳಲ್ಲಿ ಇವತ್ತಿಗೂ ಅಲ್ಲಲ್ಲಿ ನಾಲ್ಕು ಸಾಲು, ಅರ್ಧ ಪುಟ ಬೆಳ್ಳಗಿವೆ. ಕಾದಂಬರಿಯ ನಾಯಕಿ ಹತ್ತು ಸಾಲಿನ ಬಿಳಿ ದಾಟುವಷ್ಟರಲ್ಲಿ ಎರಡು ಮಕ್ಕಳ ತಾಯಿಯಾಗಿರುತ್ತಾಳೆ. ಜನ ಅದಕ್ಕೂ ಒಗ್ಗಿಕೊಂಡಿದ್ದಾರೆ. ಇನ್ನು, ಹೇಳಿದ್ದು ಹೇಳಿದ ಹಾಗೇ ಅಚ್ಚಾಗುವುದರಿಂದ, ಯಾರು ಹೇಳಿದರು ಎನ್ನುವುದರ ಮೇಲೆ ಪುಸ್ತಕದ ಗತಿ. ನಿವೃತ್ತ ಹೆಡ್‌ಮಾಸ್ಟರೊಬ್ಬರು ಒಪ್ಪಿಸಿದ ಪತ್ತೇದಾರಿ ಕಥೆಗಳಲ್ಲಿ ಕೊಲೆಗಾರನೂ ಕೊನೆಗೆ ಬೆಳಿಗ್ಗೆ ಬೇಗ ಏಳುವುದನ್ನು ಕಲಿಯುತ್ತಾನೆ. ಖಾನಾವಳಿಯ ನೀಲವ್ವ ಒಪ್ಪಿಸಿದ ಪ್ರವಾಸ ಕಥನದಲ್ಲಿ ಹಿಮಾಲಯ ಎರಡು ಪುಟ, ದಾರಿಯ ಊಟ ಹದಿನಾಲ್ಕು. ಅದಕ್ಕೇ ಪ್ರತಿ ಪುಸ್ತಕದ ಹಿಂದಿನ ರಟ್ಟಿನೊಳಗೆ ಒಂದು ಚೀಟಿ ಅಂಟಿಸಿರುತ್ತೇವೆ: ಒಪ್ಪಿಸಿದವರು ಇಂಥವರು, ಕೇಳಿದವರು ಇಂಥವರು. ಕಾಲೇಜಿನ ವಿದ್ಯಾರ್ಥಿಗಳು ಆಕರ ಹುಡುಕಿಕೊಂಡು ಬಂದರೆ ಮೊದಲು ನೋಡುವುದು ಆ ಚೀಟಿ. ಸ್ವಂತದ್ದೇನೂ ಸೇರಿಸಲು ತೋಚದ ಸಪ್ಪೆ ಮನುಷ್ಯರಿಗೆ ನಮ್ಮೂರಲ್ಲಿ ಇರುವ ಮರ್ಯಾದೆ ಬೇರೆಲ್ಲೂ ಇರಲಾರದು.

ಮುಬೀನಾ ಬಂದದ್ದು ಒಂದು ಸೋಮವಾರ. ಎಂ.ಎ. ಇತಿಹಾಸ, ಎರಡನೆಯ ವರ್ಷ. ಪೂರ್ವ ಏಷ್ಯಾದ ಮೇಲೆ ಪ್ರಬಂಧ ಬರೆಯಬೇಕೆಂದು ಬೆಳಗಿನಿಂದ ಕಪಾಟಿನ ಮುಂದೆ ನೆಲದ ಮೇಲೇ ಕೂತಿದ್ದವಳು, ಮೂರು ಗಂಟೆಗೆ ಎದ್ದು ಬಂದು ನನ್ನ ಮೇಜಿಗೆ ಒರಗಿ ನಿಂತಳು. ದುಪಟ್ಟಾದ ತುದಿಯೆಲ್ಲ ಧೂಳು.

"ಮೇಡಂ, ರಟ್ಟಿನೊಳಗೆ ಕೈಯಲ್ಲಿ ಬರೆದಿರೋ ವಿಷಯಸೂಚಿಗಳನ್ನ ಪೂರ್ತಿ ಜಾಲಾಡಿಬಿಟ್ಟೆ. ಚೀನಾದ ರಾಜವಂಶ ಇದೆ, ಕೊರಿಯಾದ ಯುದ್ಧ ಇದೆ, ಜಪಾನಿನ ಮಂತ್ರಿಗಳು, ಹಡಗುಗಳು ಎಲ್ಲಾ ಇದೆ. ಒಬ್ಬಳೇ ಒಬ್ಬಳು ಹೆಂಗಸಿಲ್ಲ."

"ಒಪ್ಪಿಸಿದವರು ಯಾರು ನೋಡಮ್ಮ."

"ಆರೂ ಪುಸ್ತಕ ಒಬ್ಬರೇ. ಯಾರೋ ರಿಟೈರ್ಡ್ ಶಿರಸ್ತೇದಾರರು."

"ಹಾಗಾದ್ರೆ ಇದ್ದ ಹೆಂಗಸರನ್ನ ಅವರೇ ಮರೆತಿರ್ತಾರೆ."

ಅವಳು ನಗಲಿಲ್ಲ. ಕಾರ್ಡುಗಳ ಡಬ್ಬಿಯಿಂದ ತೆಗೆದ ಒಂದು ಹಳದಿ ಕಾರ್ಡನ್ನು ನನ್ನ ಮುಂದಿಟ್ಟಳು. ಜಪಾನಿನ ರೇಷ್ಮೆ ಕಾರ್ಖಾನೆಯ ಹುಡುಗಿಯರು ತಮ್ಮ ಬಾಯಲ್ಲೇ ಹೇಳಿದ ನೆನಪುಗಳು, ಕನ್ನಡ ಅನುವಾದ, ನೂರಾ ನಲವತ್ತು ಪುಟ. ಕೆಳಗೆ ಕೆಂಪು ಶಾಯಿಯಲ್ಲಿ 'ಬೈಂಡಿಂಗ್‌ಗೆ ಹೋಗಿದೆ' ಎಂದು ಬರೆದಿತ್ತು. ಅದು ನನ್ನದೇ ಅಕ್ಷರ.

"ಇಪ್ಪತ್ತೆರಡು ವರ್ಷದ ಹಿಂದಿನ ತಾರೀಖಿದೆ ಮೇಡಂ. ಅದೇನು ಪುಸ್ತಕಕ್ಕೆ ರಟ್ಟು ಹಾಕ್ತಿದಾರೋ, ಕೋಟೆಬಾಗಿಲು ಕೂರಿಸ್ತಿದಾರೋ?"

"ಕಳೆದೇ ಹೋಗಿರಬೇಕು. ಬೇರೆ ಯಾವುದಾದ್ರೂ ವಿಷಯ ತಗೊಳ್ಳಮ್ಮ."

"ಬೇರೆ ವಿಷಯಾನ ಗುರುಪಾದಯ್ಯ ಸರ್ ಆಗಲೇ ಕೊಟ್ಟಿದಾರೆ. ಶನಿವಾರದೊಳಗೆ ಚೀಟಿ ಸಮೇತ ಒಂದು ಮೂಲ ಆಕರ ತಂದು ತೋರಿಸದಿದ್ರೆ ತಾಲ್ಲೂಕಿನ ಕೋಟೆಗಳ ಮೇಲೆ ಬರೀಬೇಕಂತೆ. ಕೋಟೆ ಮೇಲೆ ಹದಿನೇಳು ಜನ ಬರೆದಿದಾರೆ. ನಾನು ಹದಿನೆಂಟನೆಯವಳು."

ಇನ್ನೊಂದು ಪ್ರತಿಗಾಗಿ ನಾಲ್ಕು ಊರಿನ ಗ್ರಂಥಾಲಯಗಳಿಗೆ ಕಾಗದ ಬರೆದಿದ್ದಳಂತೆ. ಎಲ್ಲೂ ಇಲ್ಲ. ಅಷ್ಟೊಂದು ಹಟ ಯಾಕೆ ಎಂದು ಕೇಳಿದೆ. ಅವಳು ಕಾರ್ಡಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಹೇಳಿದಳು: "ನಮ್ಮ ಅಮ್ಮಿ ರೇಷ್ಮೆಗೂಡಿಂದ ನೂಲು ತೆಗೀತಾಳೆ ಮೇಡಂ. ಹನ್ನೊಂದು ವರ್ಷದವಳಿದ್ದಾಗಿಂದ. ನಿನ್ನ ಕಥೆ ಹೇಳು, ಬರ್ಕೋತೀನಿ ಅಂದ್ರೆ, 'ನನ್ನದೇನೈತೆ ಬರಿಯಕ್ಕೆ, ಬಿಸಿನೀರು, ಗೂಡು, ಅಷ್ಟೇ' ಅಂತಾಳೆ. ಅದಕ್ಕೇ ಅದೇ ಕೆಲಸ ಮಾಡಿ ಬಾಯಿಬಿಟ್ಟವರು ಲೋಕದಲ್ಲಿ ಎಲ್ಲಾದ್ರೂ ಇದಾರಾ ಅಂತ ಹುಡುಕ್ತಿದೀನಿ."

ಅವಳು ಹೋದ ಮೇಲೆ ನಾನು ಮೇಜಿನ ಕೆಳಗಿನ ಖಾನೆಯನ್ನು ತೆರೆಯಲಿಲ್ಲ. ತೆರೆಯದೆಯೂ ಗೊತ್ತಿತ್ತು. ಬೂದುಬಣ್ಣದ ಬಟ್ಟೆಯ ರಟ್ಟಿನ ಆ ಪುಸ್ತಕ ಹಳೆಯ ಜನಗಣತಿಯ ಸಂಪುಟಗಳ ಅಡಿಯಲ್ಲಿತ್ತು, ಖಾಲಿಯಾಗಿ.

ಅದನ್ನು ಓದಿದಾಗ ನನಗೆ ಇಪ್ಪತ್ತೊಂಬತ್ತು. ಮದುವೆಯಾಗಿ ಐದು ವರ್ಷವಾಗಿತ್ತು. ಗ್ರಂಥಾಲಯದಲ್ಲಿ ಸಹಾಯಕಿಯಾಗಿದ್ದೆ. ಆಗೆಲ್ಲ ಹೆಂಗಸರು ಪುಸ್ತಕವನ್ನು ಮನೆಯಲ್ಲೇ ಒಪ್ಪಿಸುವ ರೂಢಿಯಿತ್ತು. ಹೆಂಡತಿ ಗಂಡನಿಗೆ, ಸೊಸೆ ಅತ್ತೆಗೆ. ನಮ್ಮನೆಯವರು ಪಂಪ್‌ಹೌಸ್‌ನಲ್ಲಿ ಆಪರೇಟರ್. ಸಂಜೆ ಐದಕ್ಕೆ ಬಂದು ಜಗಲಿಯ ಮೇಲೆ ಕೂತು ಕಾಫಿ ಕುಡಿಯುವರು. ಪಕ್ಕದಲ್ಲಿ ಕೂತು ಹತ್ತೊಂಬತ್ತು ದಿನ ಹೇಳಿದೆ. ಹಳ್ಳಿ ಬಿಟ್ಟು ಹಿಮದ ದಾರಿಯಲ್ಲಿ ಸಾಲಾಗಿ ನಡೆದ ಹುಡುಗಿಯರು, ಹೊರಗಿನಿಂದ ಬೀಗ ಬೀಳುವ ವಸತಿಗೃಹ, ನೂಲು ದಪ್ಪವಾದರೆ ಎಲ್ಲರೆದುರು ಹೆಸರು ಕೂಗುವ ಮೇಸ್ತ್ರಿ. ಹೇಳುತ್ತ ಹೇಳುತ್ತ ನನ್ನ ಕಾಫಿ ಆರಿಹೋಗುತ್ತಿತ್ತು. ಅವರು ನನ್ನ ಮುಖವನ್ನೇ ನೋಡುತ್ತ 'ಹೂಂ' ಎನ್ನುತ್ತಿದ್ದರು. ಎನ್ನಬೇಕಾದ ಜಾಗದಲ್ಲೇ ಎನ್ನುತ್ತಿದ್ದರು. ಒಲೆಯ ಮೇಲಿನ ಅನ್ನದ ಮುಚ್ಚಳವನ್ನು ಪದೇ ಪದೇ ತೆಗೆಯಬಾರದಲ್ಲ, ಹಾಗೆ ಮುಗಿಯುವ ತನಕ ಪುಸ್ತಕ ತೆರೆಯಬಾರದು ಅಂದುಕೊಂಡಿದ್ದೆ. ಇಪ್ಪತ್ತನೆಯ ದಿನ ಬೆಳಿಗ್ಗೆ ತೆರೆದೆ. ನೂರಾ ನಲವತ್ತು ಪುಟದಲ್ಲಿ ಒಂದಕ್ಷರ ಇರಲಿಲ್ಲ.

ಬೇರೆ ಊರುಗಳಲ್ಲಿ ಹೆಂಡತಿಯರಿಗೆ ಇದೊಂದು ಅನುಕೂಲವಿರಬಹುದು: ಗಂಡ ಕೇಳಿಸಿಕೊಂಡನೋ ಇಲ್ಲವೋ ಎಂದು ಖಚಿತವಾಗಿ ತಿಳಿಯುವುದಿಲ್ಲ. ನಮ್ಮೂರಲ್ಲಿ ತಿಳಿದುಬಿಡುತ್ತದೆ. ಅವರು ಕೆಟ್ಟವರಲ್ಲ. ದಿನವಿಡೀ ಮೋಟರಿನ ಗದ್ದಲದಲ್ಲಿ ಕೂತ ಕಿವಿ ಎಂದು ನನಗೆ ನಾನೇ ಹೇಳಿಕೊಂಡೆ. ಬೇರೆ ಯಾರಿಗಾದರೂ ಒಪ್ಪಿಸಿ ಪುಸ್ತಕ ತುಂಬಿಸಬಹುದಿತ್ತು. ಆದರೆ 'ಮನೆಯಲ್ಲಿ ಯಾಕೆ ಒಪ್ಪಿಸಲಿಲ್ಲ?' ಎಂದು ಯಾರಾದರೂ ಕೇಳಿದರೆ? ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಸುಳ್ಳು ಬರೆದೆ. ಮರುವರ್ಷ ಚೆನ್ನವೀರಪ್ಪನವರು ನಿವೃತ್ತರಾದಾಗ ಕೇಳುವ ಕುರ್ಚಿಯನ್ನು ನಾನೇ ಕೇಳಿ ಪಡೆದೆ. ನಾನು ಕೇಳಿದ ಪುಸ್ತಕಗಳಲ್ಲಿ ಒಂದು ಸಾಲೂ ಬಿಳಿಯಿಲ್ಲ ಎಂದು ಊರೆಲ್ಲ ಹೊಗಳುತ್ತದೆ. ಅಂದಿನಿಂದ ನಾನು ಯಾರಿಗೂ ಏನನ್ನೂ ಒಪ್ಪಿಸಿಲ್ಲ. ಪುಸ್ತಕ ಓದುವುದನ್ನೇ ಬಿಟ್ಟೆ.

ಮಂಗಳವಾರ ಬೆಳಿಗ್ಗೆ ಮುಬೀನಾ ಕೋಟೆಗಳ ಕಪಾಟಿನ ಮುಂದೆ ನಿಂತಿದ್ದಳು. ಆ ನಿಲುವನ್ನು ನೋಡಲಾಗಲಿಲ್ಲ. ಒಳಗೆ ಕರೆದು, ಖಾನೆ ತೆರೆದು, ಪುಸ್ತಕವನ್ನು ಮೇಜಿನ ಮೇಲಿಟ್ಟೆ. ಅವಳು ಹಾಳೆ ಮಗುಚಿ ನೋಡಿದಳು.

"ಖಾಲಿ! ಯಾರು ಓದಿದ್ದು?"

"ನಾನು."

"ಒಪ್ಪಿಸೋಕೆ ಇಪ್ಪತ್ತೆರಡು ವರ್ಷ ಟೈಮಾಗಲಿಲ್ವಾ ಮೇಡಂ?"

"ಆಗಲಿಲ್ಲ. ಕೂತ್ಕೋ. ಇಷ್ಟು ವರ್ಷದ ಮೇಲೆ ಎಷ್ಟು ನೆನಪಿದೆಯೋ ನನಗೂ ಗೊತ್ತಿಲ್ಲ. ಬರೋದು ಬರಲಿ."

ಅವಳು ನನ್ನ ಕುರ್ಚಿಯಲ್ಲಿ ಕೂತಳು, ನಾನು ಒಪ್ಪಿಸುವವರ ಸ್ಟೂಲಿನ ಮೇಲೆ. ಆ ಕಡೆಯಿಂದ ಕೋಣೆ ಬೇರೆಯೇ ಆಗಿ ಕಂಡಿತು. ಹೆಚ್ಚು ಉದ್ದ, ಹೆಚ್ಚು ಕತ್ತಲೆ. ಮೊದಲ ಮೂರು ಪುಟ ಹೇಳಿ ನಿಲ್ಲಿಸಿದೆ. ಮುಂದೆ ಹೇಳುವ ಧೈರ್ಯವಾಗಲಿಲ್ಲ. ಪುಸ್ತಕವನ್ನು ಎತ್ತಿ, ಓದಿಬಿಡಬಾರದೆಂದು ಕಣ್ಣು ಕಿರಿದು ಮಾಡಿ, ಕಪ್ಪಾಗಿದೆಯೇ ಎಂದಷ್ಟೇ ನೋಡಿದೆ. ಮೂರೂ ಪುಟ ಇರುವೆ ಮುತ್ತಿದ ಹಾಗೆ ಕಪ್ಪಾಗಿದ್ದವು. ಖುಷಿಯಾಗಬೇಕಿತ್ತು. ಪುಸ್ತಕವನ್ನು ಮುಚ್ಚಿ ಮೇಜಿನ ಮೇಲಿಟ್ಟೆ. ಇಷ್ಟು ಸುಲಭವಿತ್ತೇ ಇದು?

"ಏನಾಯ್ತು ಮೇಡಂ? ನಾನು ಸರಿಯಾಗಿ ಕೇಳಿಲ್ವಾ?"

"ಕೇಳಿದೀಯ."

ಆ ಹುಡುಗಿ ಬರೀ ಕಿವಿಯಿಂದ ಕೇಳುವವಳಲ್ಲ. ಕುದಿವ ತೊಟ್ಟಿಯೊಳಗೆ ಬೆರಳದ್ದಿ ನೂಲಿನ ಎಳೆ ಹುಡುಕುವುದನ್ನು ಹೇಳಿದರೆ ತನ್ನ ಬೆರಳುಗಳನ್ನು ಮಡಚಿಕೊಳ್ಳುತ್ತಿದ್ದಳು. ಗೂಡಿನೊಳಗೆ ಬೆಂದ ಹುಳುವಿನ ವಾಸನೆ ಅನ್ನ ಉಣ್ಣುವಾಗಲೂ ಕೈಬಿಡದು ಎಂದರೆ, "ಅಮ್ಮಿ ಅದಕ್ಕೇ ಎಡಗೈಲಿ ನನ್ನ ತಲೆ ಸವರ್ತಾಳೆ, ಬಲಗೈಲಿ ಮುಟ್ಟಲ್ಲ" ಎಂದಳು. ಅದು ಪುಟದ ಮೇಲೆ ಮೂಡಲಿಲ್ಲ; ಹೇಳುತ್ತಿದ್ದವಳು ನಾನಾದ್ದರಿಂದ ನನ್ನ ಮಾತಷ್ಟೇ ಮೂಡಿತು. ಸಿಕ್ಕಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಕೈಬರಹ ನಮ್ಮೂರಲ್ಲಿ ಅಳಿಯುವುದಿಲ್ಲ, ಆದರೆ ಅದನ್ನು ಆಕರವೆಂದು ಯಾವ ಮೇಷ್ಟರೂ ಒಪ್ಪುವುದಿಲ್ಲ. ಬುಧವಾರದ ಹೊತ್ತಿಗೆ ಎಪ್ಪತ್ತೆಂಟು ಪುಟ ತುಂಬಿದ್ದವು. ನೆನಪು ನನ್ನನ್ನೇ ಬೆರಗಾಗಿಸಿತು. ಹಳೆಯ ಟ್ರಂಕಿನಿಂದ ಮಡಿಕೆ ಕೆಡದ ಸೀರೆ ತೆಗೆದ ಹಾಗೆ ಸಾಲಿಗೆ ಸಾಲು ಬಂತು.

ಗುರುವಾರ ನೂರಾ ಹನ್ನೆರಡನೆಯ ಪುಟ. ಕಿಯೊ ಎಂಬ ಹುಡುಗಿ ಮೂರು ವರ್ಷದ ಕರಾರು ಮುಗಿಸಿ ತನ್ನ ಹಳ್ಳಿಯ ಮನೆಬಾಗಿಲಿಗೆ ಬಂದು ನಿಲ್ಲುತ್ತಾಳೆ. ನೂರಾ ಹದಿನಾಲ್ಕರಲ್ಲಿ ಅವಳು ಮತ್ತೆ ಕಾರ್ಖಾನೆಯ ದಾರಿ ಹಿಡಿದಿರುತ್ತಾಳೆ, ಯಾರೂ ಕಳಿಸದಿದ್ದರೂ. ನಡುವಿನ ಪುಟದಲ್ಲಿ ಏನಿತ್ತು? ಹುಡುಕಿದೆ. ಏನೂ ಇರಲಿಲ್ಲ, ನೆನಪಿನಲ್ಲಿ ಹಲ್ಲು ಬಿದ್ದ ಜಾಗದ ಹಾಗೆ. ಮುಬೀನಾ ಪೆನ್ನು ಹಿಡಿದು ಕಾಯುತ್ತಿದ್ದಳು. ಯಾರೋ ನನ್ನ ಮಾತಿಗಾಗಿ ಹಾಗೆ ಕಾಯುವುದನ್ನು ನಾನು ಕಂಡೇ ಇರಲಿಲ್ಲ. 'ಮರೆತಿದ್ದೇನೆ' ಎನ್ನುವುದು ಬಿಟ್ಟು ಬಾಯಿ ಬೇರೆಯೇ ಹೇಳತೊಡಗಿತು.

ಕಿಯೊ ಕಂಡದ್ದನ್ನೆಲ್ಲ ಮನೆಯವರಿಗೆ ಹೇಳಬೇಕೆಂದು ಮೂರು ವರ್ಷ ಕೂಡಿಟ್ಟುಕೊಂಡಿದ್ದಳು, ಎಂದೆ. ಸಂಜೆ ಬೆಂಕಿಯ ಪಕ್ಕದಲ್ಲಿ ಕೂತು ಹತ್ತೊಂಬತ್ತು ದಿನ ಹೇಳಿದಳು. ಅವರು ಅವಳ ಮುಖವನ್ನೇ ನೋಡುತ್ತ ತಲೆಯಾಡಿಸಿದರು. ಇಪ್ಪತ್ತನೆಯ ದಿನ ಬೆಳಿಗ್ಗೆ ಅವಳಿಗೆ ತಿಳಿಯಿತು, ಒಂದು ಮಾತೂ ಯಾರನ್ನೂ ಮುಟ್ಟಿಲ್ಲ ಎಂದು. ಯಾರ ಮೇಲೂ ಸಿಟ್ಟು ಬರಲಿಲ್ಲ. ಪಾತ್ರೆ ತೊಳೆದಿಟ್ಟಳು, ನೀರು ತುಂಬಿಟ್ಟಳು. ತನ್ನ ದನಿ ಮನೆಯಲ್ಲಿ ಇರುವುದಕ್ಕೂ ಇಲ್ಲದಿರುವುದಕ್ಕೂ ವ್ಯತ್ಯಾಸವಿಲ್ಲವೆಂದು ಗೊತ್ತಾದ ಮೇಲೆ ಮೈ ಹಗುರಾಗುತ್ತದೆ. ಆ ಹಗುರ ಒಳ್ಳೆಯದಲ್ಲ.

ಹೇಳಿ ಮುಗಿಸಿದಾಗ ಮುಬೀನಾಳ ಕಣ್ಣು ತುಂಬಿತ್ತು.

"ಇದೇ ಮೇಡಂ! ಎಲ್ಲರೂ ಬರೀತಾರಲ್ಲ, ಬಡತನಕ್ಕೆ ವಾಪಸ್ ಹೋದ್ರು, ಸಂಬಳಕ್ಕೆ ವಾಪಸ್ ಹೋದ್ರು ಅಂತ. ಅಲ್ಲ. ಮನೇಲಿ ಕೇಳೋರಿಲ್ಲ ಅಂತ ಹೋದ್ಲು. ಇದನ್ನ ಯಾರೂ ಹೇಳಿಲ್ಲ. ನನ್ನ ಪ್ರಬಂಧಾನೇ ಇದು!"

ಆ ಸಂಜೆ ಮನೆಗೆ ಹೋದಾಗ ನಮ್ಮನೆಯವರು ಜಗಲಿಯ ಮೇಲೆ ಚಪ್ಪಲಿಯ ಉಂಗುಷ್ಟ ಹೊಲಿಯುತ್ತಿದ್ದರು. "ತಡ ಆಯ್ತಲ್ಲ," ಎಂದರು. "ಒಂದು ಪುಸ್ತಕ ಒಪ್ಪಿಸ್ತಾ ಇದೀನಿ," ಎಂದೆ. "ಹೂಂ. ಸಾರಿಗೆ ಬೇಳೆ ಬೇಯಿಸಿಟ್ಟಿದೀನಿ," ಎಂದರು. ಬೇಳೆ ಹದವಾಗಿ ಬೆಂದಿತ್ತು. ಒಗ್ಗರಣೆ ಹಾಕುತ್ತ ಯೋಚಿಸಿದೆ. ಸುಮ್ಮನಿದ್ದರೆ ಏನಾಗುತ್ತದೆ? ನನ್ನ ಹತ್ತೊಂಬತ್ತು ಸಂಜೆಗಳು ಒಂದು ಪುಸ್ತಕದಲ್ಲಿ ಇರುತ್ತವೆ. ಪ್ರಬಂಧಕ್ಕೆ ಹೋಗುತ್ತವೆ. ಮುಂದೆ ಯಾವುದೋ ಊರಿನಲ್ಲಿ ಯಾರೋ ಅವನ್ನು ಅಡಿಟಿಪ್ಪಣಿಯಲ್ಲಿ ಉದ್ಧರಿಸುತ್ತಾರೆ. ನಾನೆಂದು ಯಾರಿಗೂ ತಿಳಿಯುವುದಿಲ್ಲ, ಆದರೆ ಇದ್ದೇ ಇರುತ್ತೇನೆ. ಅದಕ್ಕಿಂತ ಹೆಚ್ಚಿನದನ್ನು ನಾನು ಈ ಜನ್ಮದಲ್ಲಿ ಕೇಳಿರಲಿಲ್ಲ. ಹಾಗಾದರೆ ಕಿಯೊ? ಅವಳು ನಿಜಕ್ಕೂ ಯಾಕೆ ಹೊರಟಳು? ಅವಳ ಕಾರಣವನ್ನು ಮರೆತವಳು ನಾನು. ಮರೆತದ್ದೂ ಅಲ್ಲದೆ ಆ ಜಾಗದಲ್ಲಿ ನನ್ನ ಹಾಸಿಗೆ ಹಾಸಿಕೊಂಡಿದ್ದೆ. ಸಾಸಿವೆ ಸೀದು ಹೋಯಿತು.

ಶುಕ್ರವಾರ ಬೆಳಿಗ್ಗೆ ಮುಬೀನಾ ಕೂರುವ ಮೊದಲೇ ಹೇಳಿದೆ. "ನೂರಾ ಹದಿಮೂರು ಪುಸ್ತಕದ್ದಲ್ಲ."

"ಅಂದ್ರೆ?"

"ಆ ಪುಟ ನೆನಪಿರಲಿಲ್ಲ. ನನ್ನದನ್ನ ಹೇಳಿಬಿಟ್ಟೆ."

ಅವಳು ನಿಂತೇ ಇದ್ದಳು. ಮುಖ ಕೆಂಪಗಾಯಿತು. "ನಾಳೆ ಶನಿವಾರ ಮೇಡಂ! ನಿನ್ನೆ ರಾತ್ರಿ ಕೂತು ಅದರ ಮೇಲೇ ಹನ್ನೆರಡು ಪುಟ ಬರೆದಿದೀನಿ. ನಿಮ್ಮದು ಅಂದ್ರೆ? ನಿಮಗೂ ಜಪಾನಿಗೂ ಏನು ಸಂಬಂಧ?"

"ಏನೂ ಇಲ್ಲ."

"ಇನ್ನೂ ಎಷ್ಟು ಪುಟ ನಿಮ್ಮದಿದೆ? ಹಿಮ ನಿಮ್ಮದಾ? ಬೀಗ ನಿಮ್ಮದಾ?"

"ಇಲ್ಲಮ್ಮ. ಅದೊಂದೇ."

"ಹೆಂಗೆ ನಂಬಲಿ?"

ಅವಳು ಧಡಕ್ಕನೆ ಪುಸ್ತಕ ಎಳೆದುಕೊಂಡಳು. ಕಿಟಕಿಯ ಹತ್ತಿರ ಹೋಗಿ, ನೂರಾ ಹದಿಮೂರನ್ನು ತೆರೆದು, ಕಣ್ಣು ಪೂರ್ತಿ ಬಿಟ್ಟು ಓದತೊಡಗಿದಳು. ಓದಿದರೆ ಅಳಿಯುತ್ತದೆಂದು ಗೊತ್ತಿದ್ದೇ ಓದುತ್ತಿದ್ದಳು. ತಪ್ಪು ಪುಟವನ್ನು ತೆಗೆಯಲು ನಮ್ಮೂರಲ್ಲಿ ಬೇರೆ ದಾರಿಯಿಲ್ಲ. ಮೊದಲು ಬೇಗ ಬೇಗ ಓಡುತ್ತಿದ್ದ ಕಣ್ಣು ಆಮೇಲೆ ನಿಧಾನವಾಯಿತು. ಕೆಲವು ಸಾಲಿನಲ್ಲಿ ನಿಂತಿತು. ಕೊನೆಗೆ ಬಿಳಿಯ ಹಾಳೆಯನ್ನು ಹಾಗೇ ಹಿಡಿದುಕೊಂಡು ಹೊರಗೆ ನೋಡುತ್ತ ನಿಂತಳು.

"ಹತ್ತೊಂಬತ್ತು ದಿನಾನಾ?" ಎಂದಳು, ತಿರುಗದೆ.

"ಹೂಂ."

"ಒಂದ್ಸಲನಾದ್ರೂ ಕೇಳಲಿಲ್ವಾ, ಯಾಕ್ರೀ ಹಿಂಗೆ ಅಂತ?"

"ಏನಂತ ಕೇಳಲಿ? ಎದುರಿಗೇ ಕೂತಿದ್ರು."

ಅವಳು ಪುಸ್ತಕ ಮುಚ್ಚಿದಳು. ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಬಂದು ಕೂತ ರೀತಿಯಲ್ಲೇ ಗೊತ್ತಾಗುತ್ತಿತ್ತು. "ನೂರಾ ಹದಿನಾಲ್ಕರಿಂದ ಹೇಳಿ. ನೆನಪಿಲ್ಲದಿದ್ರೆ ಇಲ್ಲ ಅನ್ನಿ," ಎಂದಳು. ಉಳಿದ ಪುಟಗಳನ್ನು ಹಾಗೇ ಹೇಳಿದೆ, ಒಂದೊಂದು ಸಾಲನ್ನೂ ಅಕ್ಕಿ ಆರಿಸಿದ ಹಾಗೆ ಆರಿಸಿ. ಎರಡು ಕಡೆ ಇಲ್ಲ ಎಂದೆ. ಅಲ್ಲಿ ಎರಡೆರಡು ಸಾಲು ಬಿಳಿ ಉಳಿಯಿತು.

ಶನಿವಾರ ಹನ್ನೊಂದಕ್ಕೆ ಗುರುಪಾದಯ್ಯ ಸರ್ ಗ್ರಂಥಾಲಯಕ್ಕೇ ಬಂದರು. ಎತ್ತರದ, ಬಿಳಿ ಪ್ಯಾಂಟಿನ, ಮಾತಿಗೆ ಮೊದಲು ಕೆಮ್ಮುವ ಮನುಷ್ಯ. ಪುಸ್ತಕವನ್ನು ದೂರ ಹಿಡಿದು, ಕಣ್ಣು ಕಿರಿದು ಮಾಡಿ, ಹಾಳೆಗಳನ್ನು ಸರಸರನೆ ಹಾರಿಸಿದರು. ಚೀಟಿ ನೋಡಿದರು.

"ಒಪ್ಪಿಸಿದವರು ಸರ್ವಮಂಗಳ, ಕೇಳಿದವರು ಮುಬೀನಾ. ಸರ್ವಮಂಗಳಮ್ಮ, ಓದಿದ್ದು ಯಾವಾಗ?"

"ಇಪ್ಪತ್ತೆರಡು ವರ್ಷದ ಹಿಂದೆ ಸರ್."

"ಶಿವನೇ! ಮೊನ್ನೆ ತಿಂದದ್ದು ನನಗೆ ನೆನಪಿರಲ್ಲ. ಇದು ಆಕರ ಹೇಗಾಯ್ತಮ್ಮ ಮುಬೀನಾ? ಇಲ್ಲಿ ನೋಡಿದ್ರೆ ನಡುವೆ ಪೂರ್ತಿ ಒಂದು ಪುಟ ಖಾಲಿ ಬೇರೆ."

ಮುಬೀನಾಳ ಬೆರಳುಗಳು ದುಪಟ್ಟಾದ ಅಂಚನ್ನು ಸುರುಳಿ ಸುತ್ತುತ್ತಿದ್ದವು. ದನಿ ಮಾತ್ರ ನಡುಗಲಿಲ್ಲ. "ಆ ಖಾಲಿ ಪುಟ ಇರೋದಕ್ಕೇ ಇದು ಆಕರ ಸರ್. ಅಲ್ಲಿ ಬೇರೆ ಏನೋ ತುಂಬಿತ್ತು. ತುಂಬಿದವರೇ ಬಂದು ಅದು ಪುಸ್ತಕದ್ದಲ್ಲ ಅಂತ ಹೇಳಿದ್ರು. ಹೇಳದೇ ಇದ್ದಿದ್ರೆ ನನಗೂ ಗೊತ್ತಾಗ್ತಿರಲಿಲ್ಲ, ನಿಮಗೂ ಗೊತ್ತಾಗ್ತಿರಲಿಲ್ಲ. ಒಂದು ಪುಟಕ್ಕೆ ಅಷ್ಟು ಕಷ್ಟಪಟ್ಟವರು ಉಳಿದದ್ದರಲ್ಲಿ ಸುಳ್ಳು ಬಿಟ್ಟಿರ್ತಾರಾ? ಆ ಕಪಾಟಿನ ಆರು ಪುಸ್ತಕದಲ್ಲಿ ಒಂದು ಸಾಲೂ ಬಿಳಿಯಿಲ್ಲ ಸರ್. ನನಗೆ ಅವುಗಳ ಮೇಲೇ ಅನುಮಾನ."

"ಮತ್ತೆ ಈ ಹುಡುಗಿ, ಕಿಯೊ, ಯಾಕೆ ವಾಪಸ್ ಹೋದಳು ಅಂತ ಬರೀತೀಯ?"

"ಗೊತ್ತಿಲ್ಲ ಅಂತ ಬರೀತೀನಿ."

ಸರ್ ಕೆಮ್ಮಿದರು. "ಕೋಟೆಯವರು ಹದಿನೇಳು ಜನರಲ್ಲಿ ಒಬ್ಬರೂ ಆ ಮಾತು ಬರೆದಿಲ್ಲ," ಎಂದು ಜೇಬಿನಿಂದ ಪೆನ್ನು ತೆಗೆದರು. ಚೀಟಿಯ ಮೇಲೆ ಸಹಿ ಹಾಕಿದರು. ಆಮೇಲೆ ಪೆನ್ನನ್ನು ನನ್ನ ಕಡೆ ಚಾಚಿದರು. "ಖಾಲಿ ಪುಟಕ್ಕೆ ಕಾರಣ ಬರೆದುಬಿಡಿ. ಮುಂದೆ ಬಂದವರು ಚೆನ್ನವೀರಪ್ಪನ ನಿದ್ದೆ ಅಂದ್ಕೋಬಾರದು."

ನಾನು ಪುಸ್ತಕ ತೆಗೆದುಕೊಂಡೆ. ಒಂದು ಪುಟ ಲೋಕದಿಂದ ಕಳೆದುಹೋಗಲು ನಾನು ಕಾರಣಳು, ಅದನ್ನು ಬರೆದೆ: 'ಇಲ್ಲಿದ್ದುದನ್ನು ಓದಿದವಳು ಮರೆತಿದ್ದಾಳೆ.' ಅಷ್ಟು ಸಾಕಿತ್ತು. ಕೈ ನಿಲ್ಲಲಿಲ್ಲ. ಕೆಳಗೆ ಇನ್ನೊಂದು ಸಾಲು ಬರೆದೆ: 'ಆ ಜಾಗದಲ್ಲಿ ಅವಳು ಹೇಳಿದ್ದನ್ನು ಕೇಳಲಾಗಿದೆ.' ಸರ್ ಅದನ್ನು ಓದಿ ಹುಬ್ಬೇರಿಸಿದರು. ಎರಡನೆಯ ಸಾಲು ಅಗತ್ಯವಿತ್ತೇ ಎಂದು ಕೇಳಬೇಕೆಂದಿದ್ದರೋ ಏನೋ, ಕೇಳಲಿಲ್ಲ.

ಮುಬೀನಾ ಪುಸ್ತಕವನ್ನು ಎದೆಗವಚಿಕೊಂಡು ಹೊರಟಳು. ಬಾಗಿಲ ಬಳಿ ನಿಂತು, "ಆ ಪುಟ ನನ್ನ ಹತ್ರಾನೇ ಇದೆ ಮೇಡಂ. ಯಾರಿಗೂ ಹೇಳಲ್ಲ," ಎಂದಳು. ಹೇಳಿದರೆ ಅದು ಮತ್ತೆ ಪುಸ್ತಕಕ್ಕೆ ಬಂದು ಕೂರುತ್ತದೆ, ಅವಳ ಪ್ರಬಂಧ ಕೆಡುತ್ತದೆ. ಆದ್ದರಿಂದ ಹೇಳಲಾರಳು, ನನ್ನ ಮೇಲಿನ ಪ್ರೀತಿಯಿಂದಲೇ ಎಂದೇನೂ ಅಲ್ಲ. ಆದರೂ ತಲೆಯಾಡಿಸಿದೆ. ಕಿಟಕಿಯಿಂದ ನೋಡಿದೆ: ಬಸ್ ನಿಲ್ದಾಣದ ಕಡೆ ಬಿರಬಿರನೆ ನಡೆದಳು. ನನ್ನ ಹತ್ತೊಂಬತ್ತು ಸಂಜೆಗಳು ಆ ನೀಲಿ ದುಪಟ್ಟಾದ ಜೊತೆ ರಸ್ತೆ ದಾಟಿದವು. ಅವಳಿಗೆ ಬರೆಯುವುದಿತ್ತು, ಒಮ್ಮೆಯೂ ತಿರುಗಿ ನೋಡಲಿಲ್ಲ.

ಹೊರಗಿನ ಬೆಂಚಿನ ಮೇಲೆ ಒಬ್ಬರು ದಪ್ಪ ಕಾದಂಬರಿಯನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದರು. ಸ್ಟೂಲನ್ನು ಅದರ ಜಾಗಕ್ಕೆ ಸರಿಸಿ, ನನ್ನ ಕುರ್ಚಿಯಲ್ಲಿ ಕೂತು, "ಬನ್ನಿ," ಎಂದೆ.